ಗೋಸುಂಬೆಯ ಸಾಕ್ಷಿ

ನಮ್ಮ ಮನೆಯಲ್ಲಿ ಅಡುಗೆ ಮಾಡಿದವರು ಮೊದಲು ತಿಂದು ತೋರಿಸಬೇಕಿತ್ತು. ಅಜ್ಜಿ ಮಣೆಯ ಮೇಲೆ ಕೂತು, ಬಟ್ಟಲು ಮುಂದಿಟ್ಟುಕೊಂಡು, ಬಡಿಸಿದವರ ಮುಖ ನೋಡುತ್ತಿದ್ದರು. ಬಡಿಸಿದವರು ಅದೇ ಪಾತ್ರೆಯಿಂದ ಒಂದು ತುತ್ತು ಬಾಯಿಗೆ ಹಾಕಿ, ಅಗಿದು, ನುಂಗಿ, ಅದು ಗಂಟಲಲ್ಲಿ ಇಳಿದದ್ದನ್ನು ಅಜ್ಜಿ ಕಣ್ಣಾರೆ ಕಂಡ ಮೇಲೆಯೇ ಅವರ ಕೈ ಅನ್ನಕ್ಕೆ ಹೋಗುತ್ತಿತ್ತು. ಅಮ್ಮ ಅವರ ಸ್ವಂತ ಮಗಳು, ಅವಳಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಅಕ್ಕಿಯ ಡಬ್ಬಿಯಲ್ಲಿ ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿ ಮೇಲೆ ಬೆರಳಿನಿಂದ ಮೂರು ಗೀಟು ಎಳೆದಿಡುತ್ತಿದ್ದರು. ಬೆಳಿಗ್ಗೆ ಗೀಟು ಕದಲಿದ್ದರೆ ವಿಚಾರಣೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಗೆ ಅವರದೇ ಒಂದು ಗಂಟು, ಅದನ್ನು ಬಿಚ್ಚಿ ಹಾಗೆಯೇ ಮತ್ತೆ ಕಟ್ಟುವುದು ಬೇರೆ ಯಾರಿಗೂ ಸಾಧ್ಯವಿರಲಿಲ್ಲ. ಕಾಮಾಲೆಯವನಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಮ್ಮಲ್ಲಿ ಕಾಮಾಲೆ ಬಾರದವರನ್ನೇ ಸಂಶಯದಿಂದ ನೋಡುತ್ತಿದ್ದರು. ನಾನು ಬೆಳೆದದ್ದು ಆ ಮನೆಯಲ್ಲಿ. ಇಂದಿಗೂ ಯಾರಾದರೂ ಚಹಾ ಕೊಟ್ಟರೆ ಅವರು ಮೊದಲು ಕುಡಿಯಲಿ ಎಂದು ಕಾಯುತ್ತೇನೆ, ಬಿಸಿ ಆರಲಿ ಎಂದು ನೆಪ ಹೇಳುತ್ತೇನೆ.

ಮನೆ ಇದ್ದದ್ದು ಕೊಡಿಯಾಲ್‌ಬೈಲಿನ ಒಂದು ಓಣಿಯಲ್ಲಿ. ಆಗಿನ್ನೂ ಓಣಿಯ ಹಿಂದೆ ಗದ್ದೆಯ ಒಂದೆರಡು ತುಂಡುಗಳು ಉಳಿದಿದ್ದವು, ಮಿಡತೆ ಹಿಡಿಯಲು ಹೋಗುವಷ್ಟು. ನಮ್ಮದು ಅಳಿಯಸಂತಾನದ ಮನೆ. ಮನೆ ಅಜ್ಜಿಯದು, ಅವರ ನಂತರ ಅಮ್ಮನದು, ಆಮೇಲೆ ನನ್ನದು ಎಂದು ಹುಟ್ಟಿದಾಗಿನಿಂದ ಕೇಳಿದ್ದೆ. ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿದ್ದು ವರ್ಷಕ್ಕೊಮ್ಮೆ ನೆಂಟರಂತೆ ಬಂದು ಹೋಗುತ್ತಿದ್ದರು. ಮಾವ, ಅಂದರೆ ಅಮ್ಮನ ತಮ್ಮ, ಕಂಕನಾಡಿಯ ಮಾರ್ಕೆಟ್ ಹತ್ತಿರ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. ಇಡ್ಲಿಗೆ ಒಲೆ ಹಚ್ಚಬೇಕೆಂದು ಬೆಳಕು ಹರಿಯುವ ಮೊದಲೇ ಹೊರಟು, ದೀಪ ಹಚ್ಚಿದ ಮೇಲೆ ಮನೆಗೆ ಬರುತ್ತಿದ್ದರು. ಅವರ ಹೆಂಡತಿಯೇ ನನ್ನ ಮಾಮಿ. ನಮ್ಮವರಲ್ಲಿ ಹೆಂಡತಿಗೆ ತನ್ನ ತಾಯಿಮನೆ ಯಾವಾಗಲೂ ಇದ್ದೇ ಇರುತ್ತದೆ, ಗಂಡನ ತಾಯಿಯ ಮನೆಯಲ್ಲಿ ಅವಳು ಎಷ್ಟು ವರ್ಷ ಇದ್ದರೂ ಹೊರಗಿನವಳೇ. ಬಿಕರ್ನಕಟ್ಟೆಯಲ್ಲಿದ್ದ ತಾಯಿ ತೀರಿಕೊಂಡಿದ್ದರಿಂದ ಮಾಮಿ ನಮ್ಮಲ್ಲಿಗೆ ಬಂದು ನಿಂತರು. ಬರುವಾಗ ಆಳೆತ್ತರದ ಕನ್ನಡಿ ಇದ್ದ ಕಬ್ಬಿಣದ ಕಪಾಟೊಂದನ್ನು ತಂದರು. ಅದನ್ನು ನಾಲ್ಕು ಜನ ಹೊತ್ತು ಜಗಲಿಯ ಪಕ್ಕದ ಕೋಣೆಗೆ ಇಳಿಸಿದರು. ಅಜ್ಜಿ ಎರಡು ದಿನ ಆ ಕೋಣೆಯ ಬಾಗಿಲಲ್ಲಿ ಇಣುಕುವುದನ್ನು ಕಂಡು ಮೂರನೆಯ ದಿನದಿಂದ ಮಾಮಿ ಬಾಗಿಲು ಮುಚ್ಚಿಡತೊಡಗಿದರು. ಮುಚ್ಚಿದ ಬಾಗಿಲು ಎಂದರೆ ಅಜ್ಜಿಗೆ ಅರ್ಧ ಅಪರಾಧ ಸಾಬೀತಾದ ಹಾಗೆ.

ಉಳಿದ ಅರ್ಧ ಸಾಬೀತಾದದ್ದು ಮಾವ ಮೀಸೆ ಬೋಳಿಸಿಕೊಂಡ ದಿನ. ಮಾವನ ಮೀಸೆ ನಮ್ಮ ಓಣಿಗೇ ಪ್ರಸಿದ್ಧವಾಗಿತ್ತು. ಮಾಮಿಗೆ ಅದು ಸೇರುವುದಿಲ್ಲವೆಂದು ಒಂದು ಭಾನುವಾರ ಅದನ್ನು ತೆಗೆಸಿ, ಎಳೆಯ ಹುಡುಗನ ಮುಖ ಮಾಡಿಕೊಂಡು ಮನೆಗೆ ಬಂದರು. ಅಜ್ಜಿ ಅವರನ್ನು ಬಹಳ ಹೊತ್ತು ನೋಡಿ, ಅಮ್ಮನನ್ನು ಬಚ್ಚಲ ಹತ್ತಿರ ಕರೆದು, ಇವನಿಗೆ ಮದ್ದು ಹಾಕಿದ್ದಾಳೆ ಎಂದರು. ಮದ್ದು ಹಾಕುವುದೆಂದರೆ ನಮ್ಮ ಕಡೆ ಕಾಯಿಲೆಗೆ ಕೊಡುವ ಔಷಧಿಯಲ್ಲ. ಊಟದಲ್ಲಿ ಬೆರೆಸಿ ಕೊಡುವುದು, ಹೊಟ್ಟೆಯಲ್ಲಿ ಅಂಟಿಕೊಂಡು ತಿಂದವನನ್ನು ಕೊಟ್ಟವರ ಮಾತಿಗೆ ಕುಣಿಸುವಂಥದ್ದು. ಮದ್ದು ತೆಗೆಯುವವರಲ್ಲಿಗೆ ಹೋಗುವ ಎಂದು ಅಜ್ಜಿ ಹೇಳಿದರೆ ಮಾವ ನಕ್ಕುಬಿಟ್ಟರು. ಮೊದಲಾಗಿದ್ದರೆ ನಗುತ್ತಿರಲಿಲ್ಲ ಎನ್ನುವುದು ಅಜ್ಜಿಯ ಮೂರನೆಯ ಸಾಕ್ಷ್ಯ. ಅಂದಿನಿಂದ ಮಾಮಿ ತಿಂದು ತೋರಿಸಿದರೂ ಅಜ್ಜಿ ಅವರ ಕೈಯಿಂದ ಊಟ ಮಾಡಲಿಲ್ಲ. ಅಡುಗೆಮನೆಯಲ್ಲಿ ಎರಡು ಒಲೆಗಳಾದವು. ಒಂದರಲ್ಲಿ ಅಮ್ಮ ಅಜ್ಜಿಗೂ ನನಗೂ ಗಂಜಿ ಬೇಯಿಸುತ್ತಿದ್ದಳು, ಇನ್ನೊಂದರಲ್ಲಿ ಮಾಮಿ ತನಗೂ ಮಾವನಿಗೂ. ಎರಡೂ ಒಲೆಯಲ್ಲಿ ಅದೇ ಬೂತಾಯಿ ಮೀನು, ಅದೇ ಮೆಣಸು, ಆದರೆ ಮಾಮಿಯ ಒಲೆಯ ಸಾರಿನ ಪರಿಮಳ ಬಂದಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ವಾಸನೆಯಿಂದಲೂ ಮದ್ದು ಒಳಗೆ ಹೋಗಬಹುದೆಂದು ನನ್ನದೇ ಸಂಶೋಧನೆ.

ಗೋಸುಂಬೆ ಬಂದದ್ದು ಈ ಎರಡು ಒಲೆಗಳ ಕಾಲದಲ್ಲಿ. ಓಣಿಯ ತುದಿಯ ಮನೆಯವರು ಲಿಗೋರಿ ಪೊರ್ಬುಗಳು, ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಹಾಗೆ ಕರೆಯುವುದು. ಅವರು ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಕಪ್ಪೆ, ಜಿರಳೆ ಹಿಡಿದುಕೊಡುವುದೂ ಸೀಸೆಗಳಿಗೆ ಫಾರ್ಮಲಿನ್ ತುಂಬುವುದೂ ಅವರ ಕೆಲಸ. ಘಟ್ಟದ ಮೇಲೆ ವಿದ್ಯಾರ್ಥಿಗಳ ಜೊತೆ ಹೋದವರು ಒಂದು ಗೋಸುಂಬೆ ತಂದಿದ್ದರು. ಸೀಸೆಗೆ ಹಾಕಬೇಕಾದದ್ದನ್ನು ಹಾಕಲು ಮನಸ್ಸು ಬಾರದೆ, ಅದನ್ನು ಹತ್ತಿಸಿಕೊಂಡಿದ್ದ ಕೊಂಬೆಯ ಸಮೇತ ನನಗೆ ಕೊಟ್ಟರು. ಹಳೆಯ ಜಾಳಿಗೆ ಕಪಾಟಿನ ಹಲಗೆಗಳನ್ನು ಕಳಚಿ, ಒಳಗೆ ದಾಸವಾಳದ ಕೊಂಬೆಗಳನ್ನು ನಿಲ್ಲಿಸಿ ಅವರೇ ಗೂಡು ಮಾಡಿಕೊಟ್ಟರು. ಅದನ್ನು ಜಗಲಿಯ ಬೆಂಚಿನ ಮೇಲೆ ಎತ್ತರದಲ್ಲಿ ಇಡಿಸಿದರು. ಮೇಲಿನಿಂದ ಕೈ ಹಾಕಬೇಡ, ಹದ್ದು ಬಂತೆಂದು ತಿಳಿಯುತ್ತದೆ ಎಂದರು. ತಟ್ಟೆಯ ನೀರನ್ನು ಅದು ನೋಡುವುದೂ ಇಲ್ಲ, ಎಲೆಯ ಮೇಲೆ ಚಿಮುಕಿಸಿದರೆ ಹನಿ ನೆಕ್ಕಿ ಕುಡಿಯುತ್ತದೆ. ಅರ್ಧ ಬಿಸಿಲು, ಅರ್ಧ ನೆರಳು ಬೇಕು. ಬೆಳಿಗ್ಗೆ ಚಳಿಗೆ ಕಪ್ಪಾಗಿದ್ದರೆ ಹೆದರಬೇಡ, ಬಿಸಿಲು ಕುಡಿದರೆ ಹಸಿರಾಗುತ್ತದೆ. ಆದರೆ ಹಗಲು ಹೊತ್ತು ಕಪ್ಪಾಗಿ, ಮೈ ಚಪ್ಪಟೆ ಮಾಡಿ, ಬಾಯಿ ತೆರೆದು ಬುಸ್ ಎಂದರೆ ಅದಕ್ಕೆ ಏನೋ ಹಿಂಸೆಯಾಗುತ್ತಿದೆ ಎಂದರ್ಥ. ಕಣ್ಣು ಗುಳಿ ಬಿದ್ದರೆ ಬಾಯಾರಿಕೆ, ಹಗಲಲ್ಲಿ ಕಣ್ಣು ಮುಚ್ಚಿದರೆ ಬದುಕುವುದು ಕಷ್ಟ. ಇಷ್ಟು ಹೇಳಿ ಹೊರಟವರು ಮತ್ತೆ ತಿರುಗಿ ಬಂದರು.

"ಮತ್ತೆ ಒಂದು ವಿಷಯ ಉಂಟು ಮಾರಾಯ್ತಿ, ಅದನ್ನು ದಿಟ್ಟಿಸಿ ನೋಡ್ತಾ ಕೂತ್ಕೊಳ್ಬೇಡ. ನಮಗೆ ನೋಟ, ಅದಕ್ಕೆ ಪ್ರಾಣಸಂಕಟ."

ಓತಿ ಜಾತಿಯ ಪ್ರಾಣಿ ಮನೆಯೊಳಗೆ ಬೇಡ, ದೂರದಿಂದಲೇ ರಕ್ತ ಹೀರುತ್ತದೆ ಎಂದು ಅಜ್ಜಿ ಪೊರಕೆ ಹಿಡಿದುಕೊಂಡೇ ಬಂದರು. ಅಷ್ಟು ಹೊತ್ತಿಗೆ ಮಾಮಿ ಕೋಣೆಯ ಬಾಗಿಲು ತೆರೆದು ಹೊರಗೆ ಬಂದರು. ಎಳೆಯ ಬಾಳೆಲೆಯ ಬಣ್ಣದಲ್ಲಿದ್ದ ಗೋಸುಂಬೆ ನೋಡುನೋಡುತ್ತಿದ್ದಂತೆ ಕಪ್ಪಾಯಿತು. ಗಂಟಲು ಉಬ್ಬಿತು, ಮೈ ಅಡ್ಡಕ್ಕೆ ಅಗಲವಾಯಿತು, ಬಾಯಿ ತೆರೆದು ಬುಸುಗುಟ್ಟಿತು. ಮಾಮಿ ಬಾಗಿಲೆಳೆದುಕೊಂಡು ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಹಸಿರು. ಅಜ್ಜಿ ಪೊರಕೆಯನ್ನು ಗೋಡೆಗೆ ಒರಗಿಸಿದರು.

"ಇದು ಇಲ್ಲೇ ಇರ್ಲಿ. ಮನುಷ್ಯರಿಗೆ ಕಾಣದ್ದು ಇದಕ್ಕೆ ಕಾಣ್ತದೆ."

ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುವ ಗಾದೆಯನ್ನು ನಮ್ಮ ಮನೆಯಲ್ಲಿ ತಲೆಕೆಳಗು ಮಾಡಿದೆವು. ಓತಿಯೇ ಸಾಕ್ಷಿಯಾಯಿತು, ಅದರ ಮಾತನ್ನು ಬಿಡಿಸಿ ಹೇಳುವ ವಕೀಲಿಕೆ ನನ್ನದಾಯಿತು. ಅಜ್ಜಿ ನನ್ನನ್ನು ಕಾವಲಿಗೆ ಕೂರಿಸಿದರು. ಮಾಮಿ ಹೊರಬಂದಾಗ ಅದು ಕಪ್ಪಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ ಒಂದು ಗೀಟು. ಓದು ಬಾರದ ಅಜ್ಜಿಗೆ ಗೀಟು ಎಣಿಸಲು ಬರುತ್ತಿತ್ತು. ಬೆಳಿಗ್ಗೆ ಬಿಸಿಲು ಬರುವ ಮೊದಲು ಅದು ಹೇಗೂ ಕಪ್ಪಗೇ ಇರುತ್ತದೆ ಎಂದು ಪೊರ್ಬುಗಳು ಹೇಳಿದ್ದು ನನಗೆ ನೆನಪಿತ್ತು. ಆದರೂ ಮಾಮಿ ಅಂಗಳ ಗುಡಿಸಲು ಬರುತ್ತಿದ್ದದ್ದು ಆ ಹೊತ್ತಿಗೇ ಆದ್ದರಿಂದ ಆ ಕಪ್ಪನ್ನೂ ಅವರ ತಲೆಗೇ ಕಟ್ಟಿದೆ. ಅಜ್ಜಿಗೆ ಸಂತೋಷವಾಗಲಿ ಎಂದು ಮಾಡಿದ್ದು ಎಂದರೆ ಸುಳ್ಳಾಗುತ್ತದೆ. ಮಾಮಿ ಬರುವ ಮೊದಲು ಮಾವ ಸಂಜೆ ಬಂದವರು ನನ್ನನ್ನೇ ಮೊದಲು ಕರೆಯುತ್ತಿದ್ದರು. ಈಗ ಅವರು ಮುಚ್ಚಿದ ಬಾಗಿಲ ಕಡೆಗೇ ನೇರ ಹೋಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಿತ್ತು. ಪ್ರತಿ ಗೀಟು ಎಳೆಯುವಾಗಲೂ ಆ ಕಿಚ್ಚು ಸ್ವಲ್ಪ ತಣ್ಣಗಾಗುತ್ತಿತ್ತು. ಜೊತೆಗೆ ಬಂಗುಡೆ ಮೀನಿನ ನಡುವಿನ ತುಂಡು ಈಗ ನನ್ನ ಬಟ್ಟಲಿಗೇ ಬೀಳುತ್ತಿತ್ತು. ಮನೆಯಲ್ಲಿ ನಾನೊಬ್ಬಳೇ ತಿಂದು ತೋರಿಸದೆ ಅಜ್ಜಿಗೆ ನೀರು ಕೊಡಬಹುದಿತ್ತು. ಅಂಥ ಗೌರವ ಅಮ್ಮನಿಗೂ ಸಿಕ್ಕಿರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಗೋಸುಂಬೆ ಸೊರಗಿತು. ಮಿಡತೆ ಕಣ್ಣೆದುರು ಕುಪ್ಪಳಿಸಿದರೂ ನಾಲಗೆ ಹೊರಗೆ ಬರಲಿಲ್ಲ. ಕೊಂಬೆ ಬಿಟ್ಟು ಜಾಳಿಗೆಯ ಮೂಲೆಗೆ ಇಳಿದು ಅಲ್ಲಿಯೇ ಉಗುರಿನಿಂದ ಗೀರುತ್ತಿತ್ತು. ಕಣ್ಣಿನ ಗೋಪುರ ಒಳಗೆ ಕುಸಿದಿತ್ತು. ಒಂದು ಮಧ್ಯಾಹ್ನ ಅದು ಕಣ್ಣು ಮುಚ್ಚಿದ್ದನ್ನು ಕಂಡು ನಾನು ಅಳುತ್ತಾ ಓಡಿಹೋಗಿ ಪೊರ್ಬುಗಳನ್ನು ಕರೆತಂದೆ. ಅಜ್ಜಿ ಒಳಗೆ ಮಲಗಿದ್ದರು. ಪೊರ್ಬುಗಳು ನೀರು ಚಿಮುಕಿಸಿದರು, ಎಲೆಗಳು ಒಣಗಿದ್ದಕ್ಕೆ ನನ್ನನ್ನು ಬೈದರು, ಅಡಗಲು ಒಂದು ಎಲೆ ಇಲ್ಲದೆ ಪ್ರಾಣಿ ಹೇಗೆ ಬದುಕಬೇಕು ಎಂದರು. ಯಾವಾಗ ಕಪ್ಪಾಗುತ್ತದೆ ಎಂದು ಕೇಳಿದರು. ಮಾಮಿ ಬಂದಾಗ ಎಂದೆ. ಅವರು ನಗಲಿಲ್ಲ. ಮಾಮಿಯನ್ನು ಕರೆದು, ಒಮ್ಮೆ ಒಳಗೆ ಹೋಗಿ ಹೊರಗೆ ಬನ್ನಿ ಅಮ್ಮಾ ಎಂದು ವಿನಂತಿಸಿ, ತಾವು ಬೆಂಚಿನ ಪಕ್ಕ ಮೊಣಕಾಲೂರಿ ಗೋಸುಂಬೆಯ ತಲೆಯ ಮಟ್ಟಕ್ಕೆ ತಮ್ಮ ತಲೆ ತಂದು ಕೂತರು. ಬಾಗಿಲು ತೆರೆಯಿತು. ಅದು ಕಪ್ಪಾಯಿತು. ಮಾಮಿ ತಲೆ ತಗ್ಗಿಸಿಕೊಂಡು ಅಡುಗೆಮನೆಗೆ ಹೋದರು. ಪೊರ್ಬುಗಳು ನನ್ನನ್ನು ತಾವು ಕೂತ ಜಾಗದಲ್ಲೇ ಕೂರಿಸಿ ಬಾಗಿಲನ್ನು ಮತ್ತೊಮ್ಮೆ ತೆರೆದರು. ಕೋಣೆಯೊಳಗೆ ಆಳೆತ್ತರದ ಕನ್ನಡಿ. ಅದರಲ್ಲಿ ಬೆಂಚು, ಜಾಳಿಗೆ, ಕೊಂಬೆ, ಕೊಂಬೆಯ ಮೇಲೆ ಬಾಯಿ ತೆರೆದ ಇನ್ನೊಂದು ಗೋಸುಂಬೆ.

"ಈಗ ಕಂಡಿತಾ? ಅದರ ಜಾತಿಯದ್ದೇ ಒಂದು ಜಗಳಕ್ಕೆ ಬಂದಿದೆ ಅಂತ ಅದು ಎಣಿಸುವುದು. ಓಡ್ಲಿಕ್ಕೆ ಜಾಗ ಇಲ್ಲ. ದಿನಕ್ಕೆ ಹತ್ತು ಸಲ ಹೀಗಾದ್ರೆ ನೀನಾದ್ರೂ ಬದುಕ್ತೀಯಾ?"

ಅಂದೇ ಅಮ್ಮನ ಹಳೆಯ ಸೀರೆಯ ತುಂಡೊಂದನ್ನು ಗೂಡಿನ ಬಾಗಿಲ ಕಡೆಯ ಬದಿಗೆ ಕಟ್ಟಿದೆ. ಹೊಸ ಕೊಂಬೆ ತಂದೆ, ಎಲೆ ದಟ್ಟವಾಗಿರುವಂಥದ್ದು. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ. ಕಾವಲು ಕೂರುವುದನ್ನು ಬಿಟ್ಟು ದೂರದಿಂದ ಹಾದುಹೋಗುವಾಗ ಮಾತ್ರ ನೋಡಿದೆ. ಮೂರನೆಯ ದಿನ ಅದು ಮಿಡತೆ ಹಿಡಿಯಿತು. ವಾರದೊಳಗೆ ಮೈ ತುಂಬಿತು, ಮಾಮಿ ಎಷ್ಟು ಸಲ ಬಂದರೂ ಹೋದರೂ ಹಸಿರಾಗಿಯೇ ಇತ್ತು. ಇಷ್ಟೆಲ್ಲ ಮಾಡಿದವಳು ಕನ್ನಡಿಯ ವಿಷಯವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ಹೇಳಿದರೆ ನಾನು ಎಳೆದ ಗೀಟುಗಳೆಲ್ಲ ಸುಳ್ಳಾಗುತ್ತಿದ್ದವು, ನಡುವಿನ ತುಂಡು ಹೋಗುತ್ತಿತ್ತು, ಮಾಮಿ ಗೆಲ್ಲುತ್ತಿದ್ದರು. ಪೊರ್ಬುಗಳು ಹೇಳಿಕೊಟ್ಟ ಲಕ್ಷಣಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಕಣ್ಣು ಗುಳಿ ಬೀಳುವುದು, ಊಟ ಬಿಡುವುದು, ಮೂಲೆ ಸೇರುವುದು. ಅದೇ ಜಗಲಿಯಲ್ಲಿ ದಿನವೂ ನನ್ನ ಮುಂದೆಯೇ ಓಡಾಡುತ್ತಿದ್ದ ಮಾಮಿಯಲ್ಲಿ ಇವೆಲ್ಲವೂ ಇದ್ದವು. ನನಗೆ ಕಾಣಲಿಲ್ಲ ಎಂದು ಬರೆಯಲು ಕೈ ಬರುವುದಿಲ್ಲ. ಕಂಡಿತ್ತು.

ಕ್ಯಾಲೆಂಡರಿನಲ್ಲಿ ಗೀಟು ನಿಂತದ್ದು ಅಜ್ಜಿಯ ಗಮನಕ್ಕೆ ಬಂತು. ಇನ್ನು ಮುಗಿಯಿತು, ಅಜ್ಜಿಯ ಸಂಶಯ ತಾನಾಗಿ ತಣ್ಣಗಾಗುತ್ತದೆ, ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ ಎಂದುಕೊಂಡಿದ್ದೆ. ಅಜ್ಜಿ ಜಗಲಿಯಲ್ಲಿ ಒಂದು ಇಡೀ ಬೆಳಿಗ್ಗೆ ಕೂತು ಹಸಿರು ಗೋಸುಂಬೆಯನ್ನೂ ಮಾಮಿಯನ್ನೂ ಸರದಿಯ ಮೇಲೆ ನೋಡಿದರು. ಆಮೇಲೆ ಅಮ್ಮನನ್ನು ಕರೆದರು.

"ಇದಕ್ಕೂ ಮದ್ದು ಹಾಕಿದ್ಳು. ಇನ್ನು ಈ ಮನೆಯಲ್ಲಿ ನಾನು ಅಥವಾ ಅವಳು."

ಕುಟುಂಬದ ಯಜಮಾನರಿಗೆ, ಅಂದರೆ ಅಜ್ಜಿಯ ಅಣ್ಣನಿಗೆ, ಹೇಳಿಕಳುಹಿಸಿದರು. ನಮ್ಮಲ್ಲಿ ಅವರ ಮಾತು ಕೊನೆಯದು. ಅವರು ಹೂಂ ಎಂದರೆ ಮಾಮಿಯನ್ನು ಬಿಕರ್ನಕಟ್ಟೆಗೆ ಕಳುಹಿಸಿಬಿಡುವುದು, ಮದುವೆಯೇ ಕಡಿದುಹೋದ ಹಾಗೆ, ಮತ್ತೆ ಮಾವ ಅಲ್ಲಿಗೆ ಕಾಲಿಡಬಾರದು. ತಾಯಿ ಇಲ್ಲದ ಮನೆಗೆ, ಗಂಡನಿಗೆ ಮದ್ದು ಹಾಕಿದವಳು ಎಂಬ ಹೆಸರು ಹೊತ್ತುಕೊಂಡು. ಆ ಹೆಸರಿನವಳ ಕೈಯಿಂದ ಮತ್ತೆ ಯಾರೂ ಒಂದು ಲೋಟ ನೀರು ಕುಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಭಾನುವಾರ ಯಜಮಾನಜ್ಜ ಬಂದು ಜಗಲಿಯ ಆರಾಮಕುರ್ಚಿಯಲ್ಲಿ ಕೂತರು. ಮಾವ ಹೋಟೆಲು ಬಿಟ್ಟು ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಮಾಮಿ ಅಡುಗೆಮನೆಯಲ್ಲಿದ್ದರು. ಅಜ್ಜಿ ಮೀಸೆಯಿಂದ ಹಿಡಿದು ಗೋಸುಂಬೆಯವರೆಗೆ ಎಲ್ಲವನ್ನೂ ಹೇಳಿ, ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಅವರ ತೊಡೆಯ ಮೇಲಿಟ್ಟು, ನನ್ನನ್ನು ಮುಂದೆ ದೂಡಿ, ಎಲ್ಲ ನೋಡಿದವಳು ಇವಳೇ, ಕೇಳಿ ಎಂದರು. ಯಜಮಾನಜ್ಜ ಕೇಳಿದರು. ಬೆಂಚಿನ ಹತ್ತಿರ ಹೋಗಿ ಸೀರೆಯ ತುಂಡನ್ನು ಬಿಚ್ಚಿದೆ. ಆಮೇಲೆ ಹೋಗಿ ಮಾಮಿಯ ಕೋಣೆಯ ಬಾಗಿಲನ್ನು ತೆರೆದು ಪಕ್ಕಕ್ಕೆ ಸರಿದು ನಿಂತೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ವಾರದಿಂದ ಹಸಿರಾಗಿದ್ದ ನನ್ನ ಗೋಸುಂಬೆ ಕಣ್ಣು ತಿರುಗಿಸಿ, ಕಪ್ಪಾಗಿ, ಉಬ್ಬಿ, ಬುಸುಗುಟ್ಟಿತು. ಅದಕ್ಕೆ ಎಷ್ಟು ಕಷ್ಟವಾಗುತ್ತಿದೆ ಎಂದು ಗೊತ್ತಿದ್ದೇ ಮಾಡಿದೆ. ಕನ್ನಡಿ, ಅಜ್ಜಾ ಎಂದೆ. ಯಜಮಾನಜ್ಜ ಕುರ್ಚಿಯಿಂದ ಎದ್ದು, ಬಗ್ಗಿ, ಗೂಡಿನ ಮಟ್ಟದಿಂದ ಕನ್ನಡಿಯನ್ನು ನೋಡಿ, ಹೊಟ್ಟೆ ಕುಲುಕುವ ಹಾಗೆ ನಕ್ಕರು. ಒಂದು ಓತಿಗಾಗಿ ನನ್ನನ್ನು ಬಸ್ಸು ಹತ್ತಿಸಿದಿರಾ ಎಂದರು. ನಾನು ಬಾಗಿಲು ಮುಚ್ಚಿ ಬಟ್ಟೆ ಕಟ್ಟಿದೆ.

ಅಜ್ಜಿ ನಗಲಿಲ್ಲ, ಸಿಟ್ಟಾಗಲಿಲ್ಲ. ಕನ್ನಡಿಯ ಕಡೆಗೆ ನೋಡಲೂ ಇಲ್ಲ. ಅವರು ನನ್ನನ್ನೇ ನೋಡುತ್ತಿದ್ದರು, ಮೀಸೆ ಇಲ್ಲದ ಮಾವನನ್ನು ಮೊದಲ ದಿನ ನೋಡಿದಂತೆಯೇ.

"ಶಾರೀ, ನೀನು ಅವಳ ಕೈಯಿಂದ ಎಂತ ತಿಂದೆ?"

ಏನೂ ತಿಂದಿಲ್ಲ ಎಂದೆ. ತಿಂದವರು ಹಾಗೆಯೇ ಹೇಳುವುದು ಎಂದು ಅಜ್ಜಿ ಒಳಗೆ ಹೋದರು. ಯಜಮಾನಜ್ಜ ಊಟ ಮಾಡಿ ಹೊರಟರು, ಮಾಮಿಯದು ತಪ್ಪಿಲ್ಲ ಎಂದು ಹೇಳಿಯೇ ಹೋದರು. ಅಂದು ಮಧ್ಯಾಹ್ನ ನಾನು ಎಂದಿನಂತೆ ನೀರು ಕೊಟ್ಟಾಗ ಅಜ್ಜಿ ಲೋಟವನ್ನು ಮುಟ್ಟಲಿಲ್ಲ. ನಾನು ಒಂದು ಗುಟುಕು ಕುಡಿದು ತೋರಿಸಿದೆ. ಆದರೂ ಮುಟ್ಟಲಿಲ್ಲ. ಮತ್ತೆ ಅವರು ಬದುಕಿದ್ದ ಅಷ್ಟೂ ವರ್ಷ, ಹಾಸಿಗೆ ಹಿಡಿದಾಗ ಕೂಡ, ನನ್ನ ಕೈಯಿಂದ ಒಂದು ಹನಿ ನೀರು ಕುಡಿಯಲಿಲ್ಲ. ನನ್ನ ಮೇಲೆ ಅವರಿಗೆ ಪ್ರೀತಿ ಕಡಿಮೆಯಾಯಿತೆಂದು ನಾನು ಹೇಳಲಾರೆ. ನಂಬಿಕೆ ಹೋಯಿತು, ಅಷ್ಟೆ, ಮತ್ತು ಅದು ನಾನು ನಿಜ ಹೇಳಿದ ದಿನವೇ ಹೋಯಿತು.

ಮಾವ ಅದಕ್ಕೂ ಮೊದಲೇ ಬಿಕರ್ನಕಟ್ಟೆಯಲ್ಲಿ ಬಾಡಿಗೆಗೆ ಮನೆ ನೋಡಿಬಿಟ್ಟಿದ್ದರು. ಯಜಮಾನಜ್ಜನ ಮಾತಿನ ನಂತರವೂ ಅವರು ಮನಸ್ಸು ಬದಲಿಸಲಿಲ್ಲ. ಗೋಸುಂಬೆಯನ್ನು ಪೊರ್ಬುಗಳು ಮುಂದಿನ ಪ್ರವಾಸದಲ್ಲಿ ಘಟ್ಟದ ಮೇಲೆ ಬಿಡುತ್ತೇನೆಂದು ಒಯ್ದರು. ಹೊರಡುವ ದಿನ ಮಾಮಿ ಕಪಾಟಿನ ಬಟ್ಟೆಗಳನ್ನು ಟ್ರಂಕಿಗೆ ತುಂಬುತ್ತಿದ್ದರು. ಅದೇ ಮೊದಲ ಸಲ ನಾನು ಆ ಕೋಣೆಯ ಒಳಗೆ ಕಾಲಿಟ್ಟದ್ದು. ಸಂಶಯಪಡುವಂಥದ್ದು ಅಲ್ಲಿ ಏನೂ ಇರಲಿಲ್ಲ, ಒಂದು ಮಂಚ, ಒಂದು ಪೌಡರ್ ಡಬ್ಬಿ, ತಾಯಿಯ ಫೋಟೋ. ಮಾಮಿ ಸೀರೆ ಮಡಿಸುತ್ತಲೇ ಕೇಳಿದರು, ಗೂಡಿಗೆ ಬಟ್ಟೆ ಕಟ್ಟಿದ್ದು ಯಾವತ್ತು ಎಂದು. ಭಾನುವಾರಕ್ಕಿಂತ ಹನ್ನೆರಡು ದಿನ ಮೊದಲು ಎಂದು ನಿಜವನ್ನೇ ಹೇಳಿದೆ. ಬೈಯುತ್ತಾರೆಂದು ಕಾದು ನಿಂತೆ. ಮಾಮಿ ಸೀರೆಯನ್ನು ಟ್ರಂಕಿಗೆ ಇಟ್ಟು, ಅದರ ಮೇಲೆ ಕೈಯಾಡಿಸಿ ಸಮ ಮಾಡಿದರು.

"ನನ್ನಲ್ಲೇ ಎಂತದೋ ಉಂಟು ಅಂತ ನಾನೂ ನಂಬಿದ್ದೆ ಮಗಾ. ಸೋಪು ಬದಲಿಸಿದೆ, ಕೆಂಪು ಸೀರೆಗಳನ್ನು ಉಡುವುದು ಬಿಟ್ಟೆ, ಸೋಮವಾರ ಉಪವಾಸ ಹಿಡಿದೆ. ಅದು ಹಸಿರಾಗಿ ನಿಂತ ದಿವಸ, ಬಾಗಿಲು ಹಾಕ್ಕೊಂಡು ಖುಷಿಯಲ್ಲಿ ಅತ್ತುಬಿಟ್ಟೆ. ದೋಷ ಹೋಯ್ತು, ಇನ್ನು ನಾನು ಸರಿಯಾದೆ ಅಂತ."